ಆ ಟೀಶರ್ಟಿನ ಹಾರ್ಲಿ ಎಲ್ಲಿಂದ ಬಂದಳು

ಸಿನಿಮಾ ಮುಗಿಸಿಕೊಂಡು ಬಂದು ಎಂಟು ಹತ್ತು ಜನ ಒಂದೇ ಕೋಣೆಯಲ್ಲಿ ಸೇರಿದ್ದೆವು. ಅರ್ಧ ಜನ ಕಾಮಿಕ್ಸ್ ಓದುವವರು, ಇನ್ನರ್ಧ ಆ ಪಾತ್ರಗಳನ್ನು ತೆರೆಯ ಮೇಲೆ ಮಾತ್ರ ಕಂಡವರು. ಒಂದು ಗೋಡೆಯ ತುಂಬ ಸಂಪುಟಗಳ ಕಪಾಟು. ಬ್ಯಾಟ್‌ಮನ್ ಕಥೆಗಳ ಖಳನಾಯಕಿ ಹಾರ್ಲಿ ಕ್ವಿನ್‌ಳ ಚಿತ್ರವಿದ್ದ ಟೀಶರ್ಟು ಹಾಕಿಕೊಂಡಿದ್ದ ಕಾಲೇಜು ಹುಡುಗಿಯೊಬ್ಬಳು ಅದರ ಮುಂದೆ ನಿಂತು, ಒಂದು ಪುಸ್ತಕದ ಬೆನ್ನಿನ ಮೇಲೆ ಬೆರಳಿಟ್ಟು, "ಇದನ್ನೆಲ್ಲ ಓದ್ಬೇಕು ಅಂತ ತುಂಬಾ ದಿನದಿಂದ ಆಸೆ. ಎಲ್ಲಿಂದ ಶುರು ಮಾಡ್ಲಿ ಅಣ್ಣಾ?" ಅಂತ ಕೇಳಿದಳು.

ಅಲ್ಲಿದ್ದ ಹಳೆಯ ಓದುಗರೊಬ್ಬರಿಂದ ಉತ್ತರದ ಬದಲು ಪ್ರಶ್ನೆಯೇ ಬಂತು. "ಟೀಶರ್ಟ್ ಹಾಕ್ಕೊಂಡಿದೀಯಲ್ಲ, ಹಾರ್ಲಿ ಮೊದಲು ಬಂದಿದ್ದು ಯಾವ ಸಂಚಿಕೇಲಿ, ಹೇಳು ನೋಡೋಣ."

"ಗೊತ್ತಿಲ್ಲ. ನಾನು ಸಿನಿಮಾದಲ್ಲಿ ನೋಡಿದ್ದು."

"ಬ್ಯಾಟ್‌ಮನ್ ಅಡ್ವೆಂಚರ್ಸ್, 12ನೇ ಸಂಚಿಕೆ, 1993. ಮೊದಲು ಅದನ್ನ ಓದು, ಟೀಶರ್ಟ್ ಆಮೇಲೆ."

ಹುಡುಗಿ ಬೆರಳು ತೆಗೆದಳು, ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತಳು. ಗೇಟ್‌ಕೀಪಿಂಗ್, ಅಂದರೆ ಹೊಸಬರನ್ನು ಬಾಗಿಲಲ್ಲೇ ತಡೆಯುವುದು, ನಡೆಯುವುದು ಹೀಗೆ. ಜಗಳವಿಲ್ಲ, ಬೈಗುಳವಿಲ್ಲ. ಓದಲು ಬಂದವರ ಕೈ ಪುಸ್ತಕದಿಂದ ಆಚೆ ಬರುತ್ತದೆ, ಅಷ್ಟೇ.

ಆ ಉತ್ತರದಲ್ಲಿ ಅರ್ಧ ಸತ್ಯವಿದೆ. ಹಾರ್ಲಿ ಕಾಗದದ ಮೇಲೆ ಮೊದಲು ಕಾಣಿಸಿಕೊಂಡದ್ದು ನಿಜವಾಗಿಯೂ ಆ 12ನೇ ಸಂಚಿಕೆಯಲ್ಲಿ. ಆದರೆ ಅವಳು ಹುಟ್ಟಿದ್ದು ಕಾಗದದ ಮೇಲಲ್ಲ, ಟಿವಿಯಲ್ಲಿ. ಬ್ಯಾಟ್‌ಮನ್ ಅನಿಮೇಟೆಡ್ ಸರಣಿಯಲ್ಲಿ 1992ರ ಸೆಪ್ಟೆಂಬರಿನಲ್ಲಿ ಬಂದ 'ಜೋಕರ್ಸ್ ಫೇವರ್' ಎಂಬ ಕಂತಿಗಾಗಿ ಪಾಲ್ ಡೀನಿ ಮತ್ತು ಬ್ರೂಸ್ ಟಿಮ್ ಅವಳನ್ನು ರೂಪಿಸಿದರು. ಡೀನಿಯ ಗೆಳತಿ, ನಟಿ ಆರ್ಲೀನ್ ಸಾರ್ಕಿನ್ ಒಂದು ಧಾರಾವಾಹಿಯಲ್ಲಿ ವಿದೂಷಕಿಯ ವೇಷ ಹಾಕಿದ್ದರು. ಅದನ್ನು ಕಂಡು ಹೊಳೆದ ಪಾತ್ರವಿದು, ಅದಕ್ಕೆ ದನಿ ಕೊಟ್ಟವರೂ ಅವರೇ. ಬ್ಯಾಟ್‌ಮನ್ ಕಾಮಿಕ್ಸ್‌ನ ಮುಖ್ಯ ಕಥಾಧಾರೆಯೊಳಗೆ ಹಾರ್ಲಿ ಕಾಲಿಟ್ಟದ್ದು 1999ರಲ್ಲಿ, ಟಿವಿಗೆ ಬಂದ ಏಳು ವರ್ಷದ ಮೇಲೆ. ಹಾರ್ಲಿಯನ್ನು ತೆರೆಯ ಮೇಲೆ ನೋಡಿ ಇಷ್ಟಪಟ್ಟವರು ಅವಳನ್ನು ತವರಿನಲ್ಲೇ ಕಂಡಂತೆ.

ಇದು ಅಪವಾದವಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಸೂಪರ್‌ಮ್ಯಾನ್ 1938ರಲ್ಲಿ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಬಂದಾಗ ಹಾರುತ್ತಿರಲಿಲ್ಲ, ಕಟ್ಟಡದಿಂದ ಕಟ್ಟಡಕ್ಕೆ ನೆಗೆಯುತ್ತಿದ್ದ. ಅವನು ಕೆಲಸ ಮಾಡುವ ಪತ್ರಿಕೆಯ ಸಂಪಾದಕ ಪೆರ್ರಿ ವೈಟ್ ಬಂದದ್ದು 1940ರ ರೇಡಿಯೋ ನಾಟಕದಿಂದ. ಸೂಪರ್‌ಮ್ಯಾನ್‌ನನ್ನು ನಿಶ್ಶಕ್ತನನ್ನಾಗಿಸುವ ಕ್ರಿಪ್ಟೊನೈಟ್ ಎಂಬ ವಸ್ತು ಕೂಡ ಮೊದಲು ಕೇಳಿಸಿದ್ದು 1943ರಲ್ಲಿ, ರೇಡಿಯೋದಲ್ಲೇ. ಕಾಮಿಕ್ಸ್‌ಗೆ ಅದು ಬರಲು 1949 ಆಯಿತು. ಬ್ಯಾಟ್‌ಮನ್‌ನ ಬಟ್ಲರ್ ಆಲ್ಫ್ರೆಡ್ ಮೊದಲು ದಪ್ಪಗಿದ್ದ. 1943ರ ಚಿತ್ರಸರಣಿಯಲ್ಲಿ ಸಣಕಲು ಮೈಕಟ್ಟಿನ, ಮೀಸೆಯ ನಟ ಆ ಪಾತ್ರ ಮಾಡಿದ ಮೇಲೆ ಕಾಮಿಕ್ಸ್‌ನಲ್ಲೂ ಅವನ ಮೈ ಇಳಿಸಿ, ಮೀಸೆ ಬರೆದರು. 1959ರಲ್ಲಿ ಮಿಸ್ಟರ್ ಝೀರೋ ಆಗಿದ್ದ ಖಳ 1966ರ ಟಿವಿ ಸರಣಿಯಲ್ಲಿ ಮಿಸ್ಟರ್ ಫ್ರೀಝ್ ಆದ. ಹೆಂಡತಿಯನ್ನು ಉಳಿಸಿಕೊಳ್ಳಲು ಒದ್ದಾಡುವ ಅವನ ಕರುಣಾಜನಕ ಕಥೆ ಸೇರಿದ್ದು 1992ರ ಅನಿಮೇಷನ್‌ನಲ್ಲಿ. ಐರನ್ ಮ್ಯಾನ್ ಸಿನಿಮಾಕ್ಕಾಗಿ 2008ರಲ್ಲಿ ಹುಟ್ಟಿದ ಏಜೆಂಟ್ ಕೋಲ್ಸನ್ 2012ರಲ್ಲಿ ಕಾಮಿಕ್ಸ್ ಸೇರಿದ. ಸ್ಪೈಡರ್‌ಮ್ಯಾನ್‌ನ ಬಲೆಯದಂತೂ ನೋಡುವಂಥ ವಿಚಾರ: ಕಾಮಿಕ್ಸ್‌ನಲ್ಲಿ ಅವನು ತಾನೇ ಮಾಡಿಕೊಂಡ ಯಂತ್ರದಿಂದ ಬಲೆ ಬೀಸುತ್ತಿದ್ದ, 2002ರ ಸಿನಿಮಾದಲ್ಲಿ ಅದು ಮಣಿಕಟ್ಟಿನಿಂದಲೇ ಹೊರಟಿತು, "ಮೂಲಕ್ಕೆ ದ್ರೋಹ" ಅಂತ ಗಲಾಟೆ ಆಯಿತು, 2004ರಲ್ಲಿ ಕಾಮಿಕ್ಸ್ ಕೂಡ ಕೆಲವು ಕಾಲ ಹಾಗೇ ಮಾಡಿತು.

ಪುಟಕ್ಕೂ ಪರದೆಗೂ ಕೊಡು-ಕೊಳ್ಳುವಿಕೆ ಎಂಬತ್ತು ವರ್ಷದಿಂದ ನಡೆಯುತ್ತಿರುವಾಗ, ಒಂದು ಕಡೆ ನಿಂತು ಇನ್ನೊಂದು ಕಡೆಯವರಿಗೆ ಪರೀಕ್ಷೆ ಒಡ್ಡುವುದಕ್ಕೆ ಆಧಾರವೇ ಇಲ್ಲ.

ಆದರೂ ಆ ಪ್ರಶ್ನೆ ಕೇಳಿದವರ ಸಿಟ್ಟಿಗೆ ಬುಡವಿಲ್ಲವೆಂದು ಹೇಳಲಾರೆ. ಚಿತ್ರದ ಪುಸ್ತಕ ಓದುತ್ತಾನೆ ಅಂತ ವರ್ಷಗಟ್ಟಲೆ ಹಂಗಿಸಿಕೊಂಡವರಿಗೆ, ಅದೇ ಪಾತ್ರಗಳು ಎಲ್ಲರ ಬಾಯಲ್ಲಿ ಬಂದಾಗ ಏನೋ ಕಸಿದುಕೊಂಡಂತೆ ಅನಿಸುತ್ತದೆ. ಅದಕ್ಕಿಂತ ದೊಡ್ಡ ನೋವೂ ಇದೆ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಬಿಟ್ಟುಕೊಟ್ಟರು. ಬ್ಯಾಟ್‌ಮನ್‌ನ ರೂಪಕ್ಕೂ ಕಥೆಗೂ ಅಷ್ಟೊಂದು ದುಡಿದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಸೃಷ್ಟಿಕರ್ತರ ಸಾಲಿನಲ್ಲಿ ಅವರ ಹೆಸರು ಬರಲು 2015ರ ತನಕ ಕಾಯಬೇಕಾಯಿತು. ನಟನ ಹೆಸರು ಎಲ್ಲರಿಗೂ ಗೊತ್ತು, ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ ಅನ್ನುವ ಸಂಕಟ ನಿಜವಾದದ್ದು. ಆ ಸಂಕಟವನ್ನು ಹೊಸಬರ ಮೇಲೆ ಕಾರುವ ಬದಲು ಪುಸ್ತಕದ ಮೊದಲ ಪುಟ ಬಿಚ್ಚಿ, ಬರೆದವರು, ಪೆನ್ಸಿಲ್‌ನಲ್ಲಿ ಚಿತ್ರಿಸಿದವರು, ಅದರ ಮೇಲೆ ಮಸಿ ಎಳೆದವರು, ಬಣ್ಣ ಹಾಕಿದವರು, ಅಕ್ಷರ ಕೂರಿಸಿದವರು ಅಂತ ಐದು ಹೆಸರು ತೋರಿಸಬಹುದು. ಅರ್ಧ ನಿಮಿಷದ ಕೆಲಸ. ಯಾರೂ ಅದಕ್ಕೆ ಬೇಸರ ಮಾಡಿಕೊಂಡದ್ದು ಕಂಡಿಲ್ಲ.

ಬಾಗಿಲು ಹಾಕುವವರು ಓದುಗರಷ್ಟೇ ಅಲ್ಲ. ಅದೇ ಕೋಣೆಯಲ್ಲಿ ಇನ್ನೊಬ್ಬರು, "ಅಷ್ಟು ದೊಡ್ಡ ರಾಶಿ ಯಾರ್ರೀ ಓದ್ತಾರೆ, ಎರಡು ಗಂಟೇಲಿ ಎಲ್ಲಾ ತೋರಿಸ್ತಾರೆ" ಅಂದರು. ಎರಡು ಗಂಟೆಯಲ್ಲಿ ಎಲ್ಲವನ್ನೂ ತೋರಿಸಲು ಬರುವುದಿಲ್ಲ, ತೋರಿಸಬೇಕಾಗಿಯೂ ಇಲ್ಲ. ಒಂದು ಸಂಚಿಕೆಯಲ್ಲಿ ಕಥೆಗೆ ಸಿಗುವುದು 20ರಿಂದ 22 ಪುಟ. ಆರು ಸಂಚಿಕೆ ಸೇರಿದರೆ ಒಂದು ಸಂಪುಟ, ಸುಮಾರು 130 ಪುಟ. ಪಾತ್ರದ ಮನಸ್ಸಿನ ಮಾತು ಪುಟದಲ್ಲಿ ಒಂದು ಚೌಕದೊಳಗೆ ಸಲೀಸಾಗಿ ಕೂರುತ್ತದೆ. ತೆರೆಯ ಮೇಲೆ ಅದನ್ನು ನಟನ ಮುಖ ಹೇಳಬೇಕು, ಇಲ್ಲವೇ ಅದಕ್ಕಾಗಿ ಇನ್ನೊಂದು ದೃಶ್ಯವನ್ನೇ ಕಟ್ಟಬೇಕು.

ಬದಲಾವಣೆಗೆ ಕಾರಣ ಹಲವು ಸಲ ಹಿಂದಿನ ಸಿನಿಮಾದಲ್ಲೇ ಇರುತ್ತದೆ. ಮಾರ್ವೆಲ್ ಕಾಮಿಕ್ಸ್‌ನ 'ಸಿವಿಲ್ ವಾರ್' 2006-07ರಲ್ಲಿ ಏಳು ಸಂಚಿಕೆಯಾಗಿ ಬಂತು. ಗುಟ್ಟಾಗಿ ಕೆಲಸ ಮಾಡುವ ವೀರರು ತಮ್ಮ ನಿಜ ಹೆಸರನ್ನು ಸರ್ಕಾರಕ್ಕೆ ಕೊಡಬೇಕೆ ಅನ್ನುವುದು ಅದರ ಜೀವ. ಎರಡನೇ ಸಂಚಿಕೆಯ ಕೊನೆಯಲ್ಲಿ ಸ್ಪೈಡರ್‌ಮ್ಯಾನ್ ಪತ್ರಕರ್ತರೆದುರು ಮುಖವಾಡ ತೆಗೆಯುತ್ತಾನೆ. ಅದನ್ನು ಆಧರಿಸಿದ 2016ರ ಸಿನಿಮಾದಲ್ಲಿ ಇದು ಯಾಕಿಲ್ಲ? ಆ ಚಿತ್ರಸರಣಿಯಲ್ಲಿ ಗುಟ್ಟಿನ ಹೆಸರೇ ಹೆಚ್ಚುಕಮ್ಮಿ ಇರಲಿಲ್ಲ. 2008ರಲ್ಲೇ ಟೋನಿ ಸ್ಟಾರ್ಕ್ ನಾನೇ ಐರನ್ ಮ್ಯಾನ್ ಅಂತ ಎಲ್ಲರೆದುರು ಹೇಳಿಬಿಟ್ಟಿದ್ದ. ಹಾಗಾಗಿ ಸಿನಿಮಾದವರು ಜಗಳದ ವಿಷಯವನ್ನೇ ಬದಲಿಸಿದರು: ವೀರರನ್ನು ಯಾರು ಹತೋಟಿಯಲ್ಲಿಡಬೇಕು? ಇದು ಗೊತ್ತಾದರೆ ಪುಸ್ತಕ ಓದಿದವರಿಗೆ ಸಿನಿಮಾ ಚೂರು ಅರ್ಥವಾಗುತ್ತದೆ, ಸಿನಿಮಾ ನೋಡಿದವರಿಗೆ ಪುಸ್ತಕದ ಮೇಲೆ ಕುತೂಹಲ ಹುಟ್ಟುತ್ತದೆ. "ಹಾಳು ಮಾಡಿದರು" ಅನ್ನುವ ಎರಡು ಪದದಿಂದ ಎರಡೂ ಆಗುವುದಿಲ್ಲ.

ಇಷ್ಟೆಲ್ಲ ಮಾತಾದ ಮೇಲೆ ಹುಡುಗಿ ಮತ್ತೆ ಎದ್ದು ಬಂದಳು. ಈಗ ಎಡವಟ್ಟಾದದ್ದು ಒಳ್ಳೆಯ ಮನಸ್ಸಿನಿಂದಲೇ. ಒಬ್ಬರು ಓಮ್ನಿಬಸ್, ಅಂದರೆ ಹತ್ತಾರು ಸಂಚಿಕೆ ಸೇರಿಸಿ ಹೊಲಿದ ದೊಡ್ಡ ಸಂಪುಟ ಇಳಿಸಿ ಅವಳ ಕೈಗಿಟ್ಟರು. ನೂರಾರು ಪುಟ, ತೊಡೆಯ ಮೇಲೆ ಇಟ್ಟುಕೊಳ್ಳಲಾಗದಷ್ಟು ಭಾರ, ನಡುವಿನ ಪುಟಗಳಲ್ಲಿ ಚಿತ್ರ ಹೊಲಿಗೆಯೊಳಗೆ ಹೂತುಹೋಗುವಷ್ಟು ದಪ್ಪ. ಮೊದಲ ಓದಿಗೆ ಇದು ಬೇಡವೇ ಬೇಡ. ಇನ್ನೊಬ್ಬರು "1ನೇ ನಂಬರಿಂದ ಶುರು ಮಾಡು" ಅಂದರು. ನಂಬರ್ 1 ಅಂದರೆ ಆರಂಭ ಅನ್ನುವುದು ಹೊಸಬರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಮಾತು. ಬ್ಯಾಟ್‌ಮನ್ ಕಾಮಿಕ್ಸ್‌ನ ಪ್ರಕಾಶಕರಾದ ಡಿಸಿ 2011ರಲ್ಲಿ 52 ಪತ್ರಿಕೆಗಳನ್ನು ಒಟ್ಟಿಗೆ 1ರಿಂದ ಶುರು ಮಾಡಿತು. ಅವುಗಳಲ್ಲೊಂದಾದ ಡಿಟೆಕ್ಟಿವ್ ಕಾಮಿಕ್ಸ್ ಹೀಗೆ 1ನೇ ಸಂಚಿಕೆಯಿಂದ 52ನೆಯದರವರೆಗೆ ಬಂದು, 2016ರಲ್ಲಿ ಹಳೆಯ ಲೆಕ್ಕಕ್ಕೆ ಮರಳಿ 934 ಆಯಿತು. ನಂಬರು ನೋಡಿಕೊಂಡು ಹೋದವರಿಗೆ 52ರ ಮುಂದಿನದು ಯಾವತ್ತೂ ಸಿಗುವುದಿಲ್ಲ.

ನೋಡಬೇಕಾದದ್ದು ಹಿಂಬದಿಯ ರಟ್ಟು, ಅಲ್ಲಿಲ್ಲದಿದ್ದರೆ ಒಳಗಿನ ಪ್ರಕಾಶಕರ ಪುಟ. ಯಾವ ಯಾವ ಸಂಚಿಕೆಗಳು ಸೇರಿವೆ ಅಂತ ಅಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಒಂದೇ ಹೆಸರು, ಸಾಲಾದ ನಾಲ್ಕೋ ಆರೋ ಅಂಕಿ ಇದ್ದರೆ ನಿಶ್ಚಿಂತೆಯಿಂದ ಕೊಡಬಹುದು. ಮೂರು ನಾಲ್ಕು ಪತ್ರಿಕೆಗಳ ಹೆಸರು ಕಲಸಿದ್ದರೆ ಅದು ಕ್ರಾಸ್‌ಓವರ್, ಅಂದರೆ ಹಲವು ಪತ್ರಿಕೆಗಳಲ್ಲಿ ಹಂಚಿಹೋದ ಕಥೆ. ಕಥೆಯ ಒಂದು ತುಂಡು ಬೇರೆಲ್ಲೋ ಉಳಿದಿರುವ ಸಾಧ್ಯತೆ ಹೆಚ್ಚು. ಇನ್ನೊಂದು, ಮುಖಪುಟಕ್ಕೆ ಸಿನಿಮಾದ ಪೋಸ್ಟರ್ ಹಾಕಿದ ಮಾತ್ರಕ್ಕೆ ಒಳಗಿನದು ಸಿನಿಮಾದ ಕಥೆ ಅಂದುಕೊಳ್ಳಬಾರದು.

ಆ ಹುಡುಗಿಗೆ ಸರಿಹೋಗುವ ಪುಸ್ತಕ ಕಪಾಟಿನಲ್ಲೇ ಇತ್ತು. 1994ರ 'ಮ್ಯಾಡ್ ಲವ್'. ಬರೆದವರು ಡೀನಿ ಮತ್ತು ಟಿಮ್, ಚಿತ್ರ ಟಿಮ್‌ದು, ಹಾರ್ಲಿಯನ್ನು ಟಿವಿಗೆ ತಂದ ಅದೇ ಕೈಗಳು. ಹಾರ್ಲಿ ಹಾರ್ಲಿಯಾದದ್ದು ಹೇಗೆ ಅನ್ನುವ ಕಥೆ, ಒಂದೇ ಸಂಚಿಕೆಯಲ್ಲಿ ಪೂರ್ತಿ. ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿಯೂ ಆ ವರ್ಷ ಬಂತು. 1999ರಲ್ಲಿ ಇದೇ ಕಥೆ ಅನಿಮೇಷನ್ ಕಂತಾಯಿತು. ಹೊಸಬರಿಗೆ ಕೊಡುವಾಗ ಇಂಥ ಸೇತುವೆ ಹುಡುಕಬೇಕು: ತೆರೆಯ ಮೇಲೆ ಅವರು ಕಂಡದ್ದಕ್ಕೆ ಹತ್ತಿರದ ರೇಖೆ, ಹತ್ತಿರದ ದನಿ, ಮುಗಿಯುವ ಕಥೆ.

ಪುಸ್ತಕ ಕೊಟ್ಟು ಕೈ ತೊಳೆದುಕೊಳ್ಳುವುದೂ ತಪ್ಪೇ. ಪುಟ ಓದುವುದು ಕಲಿಯಬೇಕಾದ ವಿದ್ಯೆ, ಹಳಬರಿಗೆ ಅದು ಮರೆತೇ ಹೋಗಿರುತ್ತದೆ. ಅವತ್ತು ಬೇರೊಂದು ಸಂಪುಟ ತಿರುವುತ್ತಿದ್ದ ಆ ಹುಡುಗಿ ಒಂದು ಪುಟದಲ್ಲಿ ನಿಂತಳು. "ಇವನು ಪ್ರಶ್ನೆ ಕೇಳೋಕೆ ಮುಂಚೆನೇ ಅವಳು ಉತ್ತರ ಕೊಡ್ತಿದಾಳೆ?" ನೋಡಿದರೆ ಎಡಗಡೆ ಒಂದರ ಕೆಳಗೊಂದು ಎರಡು ಸಣ್ಣ ಚೌಕಟ್ಟು, ಬಲಗಡೆ ಆ ಎರಡರಷ್ಟೂ ಎತ್ತರದ ಒಂದು ಚೌಕಟ್ಟು. ಎಡದಿಂದ ಬಲಕ್ಕೆ ಅನ್ನುವ ನಿಯಮ ಹಿಡಿದು ಮೇಲಿನ ಸಣ್ಣದರಿಂದ ನೇರ ಬಲದ ಉದ್ದದ್ದಕ್ಕೆ ಹೋಗಿ, ಆಮೇಲೆ ಕೆಳಗಿನ ಸಣ್ಣದಕ್ಕೆ ಬಂದಿದ್ದಳು. ಓದಬೇಕಾದದ್ದು ಎಡದ ಎರಡನ್ನೂ ಮುಗಿಸಿ, ಆಮೇಲೆ ಬಲದ್ದು. ಇಂಥ ಕಡೆ ಚೌಕಟ್ಟುಗಳ ನಡುವಿನ ಬಿಳಿ ಸಂದು ನೆರವಿಗೆ ಬರುತ್ತದೆ. ಪುಟವನ್ನು ಉದ್ದಕ್ಕೆ ಸೀಳುವ ಸಂದು ಎಲ್ಲಿದೆಯೋ, ಅದರ ಎಡಗಡೆಯದನ್ನೆಲ್ಲ ಓದಿದ ಮೇಲೆ ದಾಟಬೇಕು. ಜಪಾನಿನ ಮಾಂಗಾ ಆದರೆ ಇದೆಲ್ಲ ಬಲದಿಂದ ಎಡಕ್ಕೆ, ಪುಸ್ತಕ ತೆರೆಯುವುದೂ ಅತ್ತಲಿಂದಲೇ.

ಇನ್ನೊಂದು ತೊಡಕು ವೇಗದ್ದು. ಸಿನಿಮಾ ನೋಡಿ ಬಂದವರು ಮಾತಿನ ಬಲೂನುಗಳನ್ನು ಸಬ್‌ಟೈಟಲ್ ಹಾಗೆ ಓದಿಕೊಂಡು ಹೋಗುತ್ತಾರೆ, 22 ಪುಟ ಐದು ನಿಮಿಷದಲ್ಲಿ ಮುಗಿಯುತ್ತದೆ, "ಇಷ್ಟೇನಾ" ಅನಿಸುತ್ತದೆ. ಮಾತೇ ಇಲ್ಲದ ಚೌಕಟ್ಟಿನಲ್ಲಿ ಕಣ್ಣು ನಿಲ್ಲಬೇಕು. ಸಿನಿಮಾದಲ್ಲಿ ನಿರ್ದೇಶಕ ಕೊಡುವ ಮೌನವನ್ನು ಇಲ್ಲಿ ಓದುಗನೇ ಕೊಡಬೇಕು. ಬಲೂನಿನ ಅಂಚು ಮೊನಚಾಗಿದ್ದರೆ ಕಿರುಚಾಟ, ಚುಕ್ಕಿಗೆರೆಯಾಗಿದ್ದರೆ ಪಿಸುಮಾತು. ಪುಟ ಮಗುಚಿದೊಡನೆ ಎಡಪುಟದಲ್ಲಿ ದೊಡ್ಡ ಆಘಾತ ಎದುರಾಗುವುದು ಆಕಸ್ಮಿಕವಲ್ಲ, ಕಣ್ಣು ಮೊದಲೇ ಜಾರಿ ನೋಡಬಾರದು ಅಂತ ಲೆಕ್ಕ ಹಾಕಿ ಅಲ್ಲಿಟ್ಟಿರುತ್ತಾರೆ. ಮೊಬೈಲಿನಲ್ಲಿ ಒಂದೊಂದೇ ಚೌಕಟ್ಟು ತೋರಿಸುವ ವ್ಯವಸ್ಥೆಯಲ್ಲಿ ಇದೆಲ್ಲ ಕಳೆದುಹೋಗುತ್ತದೆ. ಮೊದಲ ಪುಸ್ತಕವನ್ನಾದರೂ ಕಾಗದದಲ್ಲಿ, ಇಲ್ಲವೇ ಇಡೀ ಪುಟ ಕಾಣುವಷ್ಟು ದೊಡ್ಡ ಪರದೆಯಲ್ಲಿ ಓದುವುದು ಲೇಸು.

ಸಂಜೆಯಾಗಿತ್ತು. ಹುಡುಗಿ 'ಮ್ಯಾಡ್ ಲವ್' ಹಿಡಿದು ಹೊರಟಾಗ, ಮೊದಲು ಪ್ರಶ್ನೆ ಕೇಳಿದ್ದರಲ್ಲ, ಅವರು "ಒಂದ್ ನಿಮಿಷ ಇರಮ್ಮಾ" ಅಂದು ಚೀಟಿಯೊಂದರಲ್ಲಿ ಓದಬೇಕಾದ ಕ್ರಮ ಬರೆದುಕೊಟ್ಟರು. ಕೊಡುವಾಗ ಕಣ್ಣಿಗೆ ಬಿತ್ತು. ಮೊದಲ ಸಾಲಿನಲ್ಲಿ 1992ರ ಟಿವಿ ಕಂತು. ಎರಡನೆಯದು ಕೈಯಲ್ಲಿದ್ದ ಪುಸ್ತಕ. ಮೂರನೆಯದು 1999ರ ಕಂತು. 12ನೇ ಸಂಚಿಕೆಯ ಹೆಸರು ನಾಲ್ಕನೇ ಸಾಲಿನಲ್ಲಿತ್ತು, ಪಕ್ಕದಲ್ಲಿ "ಸಿಕ್ಕರೆ" ಅಂತ ಬರೆದಿದ್ದರು.