ಅಪ್ಪ ತೊಳೆದ ಜಲ್ಲಿಕಲ್ಲು

ಇಂದು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ತಾರಸಿಯಲ್ಲಿ ಕುಳಿತು, ಮಳೆನೀರಿನ ಶೋಧಕದಿಂದ ತೆಗೆದ ಜಲ್ಲಿಕಲ್ಲುಗಳನ್ನು ಒಂದೊಂದಾಗಿ ಉಜ್ಜಿ ತೊಳೆದು, ಹಳೆಯ ಗೋಣಿಚೀಲದ ಮೇಲೆ ಒಣಗಲು ಹರಡುತ್ತಿದ್ದರು. ದಪ್ಪ ಕಲ್ಲು ಒಂದು ಕಡೆ, ಸಣ್ಣದು ಇನ್ನೊಂದು ಕಡೆ, ಜರಡಿ ಹಿಡಿದ ಮರಳು ಬೇರೆ.

ಪಕ್ಕದಲ್ಲಿ ನನ್ನ ಮಗಳು ನೋಟ್‌ಬುಕ್ ಹಿಡಿದು ಕುಳಿತಿದ್ದಳು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು; ನಮ್ಮದು 100 ಚದರ ಮೀಟರ್ ತಾರಸಿ, ಆದ್ದರಿಂದ 20 ಮಿಲಿಮೀಟರ್ ಮಳೆಗೆ 2,000 ಲೀಟರ್. ಧೂಳು ತೊಳೆಯುವ ಮೊದಲ ನೀರನ್ನು ಹೊರಗೆ ಬಿಟ್ಟು, ಹೀರಿಹೋಗುವುದನ್ನೂ ಕಳೆದರೆ ಸುಮಾರು 1,600 ಲೀಟರ್ ಸಂಪ್‌ಗೆ ಸೇರುತ್ತದೆ ಎಂದು ಅವಳಿಂದಲೇ ಲೆಕ್ಕ ಮಾಡಿಸಿದರು. ಅಣೆಕಟ್ಟಿನ ಎತ್ತರವನ್ನು ಏರಿಸದೆ, ಸ್ವಯಂಚಾಲಿತ ಬಾಗಿಲುಗಳಿಂದಲೇ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಹೆಚ್ಚು ನೀರು ಹಿಡಿದ ವಿಶ್ವೇಶ್ವರಯ್ಯನವರ ಕಥೆಯೂ ನಡುವೆ ಬಂತು. ನಾನು ಅವಳ ವಯಸ್ಸಿನವಳಾಗಿದ್ದಾಗ ಅಪ್ಪ ನೀರಾವರಿ ಕಾಲುವೆಗಳ ಕೆಲಸಕ್ಕೆಂದು ವಾರಗಟ್ಟಲೆ ಊರಾಚೆ ಇರುತ್ತಿದ್ದರು, ಹಾಗಾಗಿ ಈ ಕಥೆ ನನಗೆ ಸಿಕ್ಕಿರಲಿಲ್ಲ. ಮಗಳಿಗೆ ಸಿಕ್ಕಿತಲ್ಲ ಎಂದು ಮನಸ್ಸು ತುಂಬಿ ಬಂತು.

ನಿವೃತ್ತರಾದ ಮೇಲೆ ನಮ್ಮ ಬೀದಿಯ ಎಷ್ಟೋ ಮನೆಗಳ ಶೋಧಕವನ್ನು ಅಪ್ಪನೇ ನಿಂತು ಹಾಕಿಸಿದ್ದಾರೆ, ಯಾರಿಂದಲೂ ಒಂದು ರೂಪಾಯಿ ಮುಟ್ಟಿಲ್ಲ. ಮಂಡಿನೋವು ಇದೆ, ಮೆಟ್ಟಿಲು ಹತ್ತಬೇಡಿ ಎಂದರೆ, ಮುಂಗಾರು ಕಾಯುವುದಿಲ್ಲವಲ್ಲಮ್ಮ ಎನ್ನುತ್ತಾರೆ.

ಕಲ್ಲುಗಳು ಇನ್ನೂ ಒಣಗಿಲ್ಲ. ಸಂಜೆ ಎದುರುಮನೆಯ ಅಜ್ಜಿಯ ತಾರಸಿಗೆ ಹೋಗಬೇಕಂತೆ. ಅಳತೆ ಪಟ್ಟಿಯನ್ನು ಮಗಳು ಆಗಲೇ ಚೀಲಕ್ಕೆ ಹಾಕಿಕೊಂಡಿದ್ದಾಳೆ.