ಕಣ್ಣಂಚಿಗೂ ಕೆಲಸವಿದೆ

ನಿನ್ನೆ ತಲಪಾಡಿ ದಾಟಿ ಕಾಸರಗೋಡಿಗೆ ಬರುವಾಗ, ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರಿನ ವೇಗ ನನ್ನ ಅರಿವಿಗೆ ಬಾರದೆಯೇ ಗಂಟೆಗೆ 90 ಕಿಲೋಮೀಟರಿಗೆ ಏರಿತ್ತು. ಉಪ್ಪಳದ ಹತ್ತಿರ ಪಕ್ಕದಲ್ಲಿ ಕುಳಿತಿದ್ದ ಮಾವ, "ಎಡಗಡೆಯ ಸ್ಕೂಟರನ್ನು ಕಂಡೆಯಾ?" ಎಂದು ಕೇಳಿದರು. ನಾನು ಕಂಡಿರಲಿಲ್ಲ. ಸವಾರನ ಕಾಲುಗಳ ನಡುವೆ ಅಡಿಕೆಯ ಗೋಣಿ ನಿಲ್ಲಿಸಿಕೊಂಡು ಸರ್ವಿಸ್ ರಸ್ತೆಯಿಂದ ಒಳನುಗ್ಗಿದ ಆ ವಾಹನವು, ಮುಂದಿದ್ದ ಟ್ಯಾಂಕರಿನ ಕೆಂಪು ದೀಪಕ್ಕೇ ಅಂಟಿಕೊಂಡಿದ್ದ ನನ್ನ ನೋಟದ ಹೊರಗೆಯೇ ಉಳಿದಿತ್ತು.

ನಮ್ಮ ಎರಡು ಕಣ್ಣುಗಳಿಗೆ ಅಡ್ಡಲಾಗಿ ಸುಮಾರು 180 ಡಿಗ್ರಿಯಷ್ಟು ಕಾಣುತ್ತದೆಯಾದರೂ ಅತ್ಯಂತ ಸ್ಪಷ್ಟವಾಗಿ ಕಾಣುವುದು ನಡುವಿನ ಸುಮಾರು 2 ಡಿಗ್ರಿ ಮಾತ್ರ, ಎಂದರೆ ಚಾಚಿದ ಕೈಯ ಹೆಬ್ಬೆರಳಿನ ಅಗಲದಷ್ಟು. ಉಳಿದದ್ದು ಮಸುಕು, ಆದರೆ ಚಲನೆಯನ್ನು ಹಿಡಿಯುವುದರಲ್ಲಿ ಆ ಮಸುಕು ಬಹಳ ಚುರುಕು. ವೇಗ ಹೆಚ್ಚಿದಂತೆ ಮನಸ್ಸು ಎದುರಿನದ್ದಕ್ಕೇ ಜೋತುಬಿದ್ದು, ಕಣ್ಣು ಕಂಡದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 90ರ ವೇಗದಲ್ಲಿ ಕಾರು ಸೆಕೆಂಡಿಗೆ 25 ಮೀಟರ್ ಓಡುತ್ತದೆ ಎಂಬುದನ್ನು ನೆನೆದರೆ ಈ ಉದಾಸೀನ ಎಷ್ಟು ದುಬಾರಿಯೆಂದು ತಿಳಿಯುತ್ತದೆ.

ಹಳೆಯ ಎರಡು ಪಥದ ರಸ್ತೆಯಲ್ಲಿ ಹೊಂಡಗಳೇ ನಮ್ಮ ಕಣ್ಣನ್ನು ಅತ್ತಿತ್ತ ಆಡಿಸುತ್ತಿದ್ದವು (ಹೊಂಡಕ್ಕೂ ಒಂದು ಉಪಕಾರವಿತ್ತು!). ಈ ಅಗಲ ರಸ್ತೆಯಲ್ಲಿ ಆ ಕೆಲಸವನ್ನು ನಾನೇ ಮಾಡಬೇಕಿತ್ತು. ಮಾವನ ಮಾತಿನ ನಂತರ ಟ್ಯಾಂಕರಿನಿಂದ ಹಿಂದೆ ಸರಿದು, ನೋಟವನ್ನು ಹತ್ತು ಸೆಕೆಂಡಿನ ದಾರಿಯಷ್ಟು ದೂರಕ್ಕೆ ಹರಿಸಿ, ಆಗಾಗ ಮೂರೂ ಕನ್ನಡಿಗಳನ್ನು ನೋಡುತ್ತ ಬಂದೆ. ಮೊಗ್ರಾಲ್ ಸೇತುವೆಯ ಮೇಲೆ, ಬಲಗಡೆ ಹೊಳೆಯ ನೀರು ಮಿಂಚಿದ್ದು ತಲೆ ತಿರುಗಿಸದೆಯೇ ಗೊತ್ತಾಯಿತು.