ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು?

ಮ್ಯಾಗಜಿನ್‌ಗೆ ಏನಾದರೂ ಬರೆದು ಕೊಡಿ ಎಂದು ಕೇಳಿದಾಗ ಮೊದಲು ನೆನಪಾದದ್ದು ನಮ್ಮ ಬಯಾಲಜಿ ಮೇಡಂ, ಅವರು ರಕ್ತ ಪರಿಚಲನೆಯ ಪಾಠ ಮಾಡಿದ ರೀತಿ. ಹೆಸರು ಬರೆಯುವುದಿಲ್ಲ, ಅವರಿಗೆ ಅದು ಹಿಡಿಸುವುದಿಲ್ಲ. ಕಾರವಾರದಲ್ಲಿ ನಮ್ಮ ಜೊತೆ ಓದಿದವರಿಗೆ ಯಾರೆಂದು ಗೊತ್ತೇ ಇದೆ.

ಹೃದಯದ ಚಿತ್ರ ಬಿಡಿಸಿ, ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು ತುಂಬಿ, ಭಾಗಗಳ ಹೆಸರು ಬರೆದರೆ ಪರೀಕ್ಷೆಗೆ ಸಾಕಿತ್ತು. ಮೇಡಂಗೆ ಸಾಕಾಗುತ್ತಿರಲಿಲ್ಲ. ಯಾರನ್ನಾದರೂ ಎಬ್ಬಿಸಿ, "ಮಧ್ಯಾಹ್ನ ಏನು ಊಟ?" ಎಂದು ಕೇಳುತ್ತಿದ್ದರು. ನಮ್ಮ ಕಡೆ ಉತ್ತರ ಹೆಚ್ಚಾಗಿ ಒಂದೇ, ಅನ್ನ, ಬಂಗಡೆ ಸಾರು. "ಸರಿ, ಆ ಅನ್ನದ ಸಕ್ಕರೆ ಈಗ ನಿನ್ನ ಕಾಲಿನ ಸ್ನಾಯುವಿಗೆ ಹೋಗಬೇಕು. ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು, ಹೇಳು." ಅಂಕೋಲಾ, ಸದಾಶಿವಗಡ ಕಡೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಮಗೆ ಈ ಪ್ರಶ್ನೆ ಸುಲಭ ಅನ್ನಿಸುತ್ತಿತ್ತು. ಉತ್ತರ ಸುಲಭ ಇರಲಿಲ್ಲ.

ಸಕ್ಕರೆ ಹತ್ತುವುದು ಸಣ್ಣ ಕರುಳಿನ ಲೋಮನಾಳಗಳಲ್ಲಿ, ಅಂದರೆ ತೀರಾ ಸಪೂರ ರಕ್ತನಾಳಗಳಲ್ಲಿ. ಅಲ್ಲಿಂದ ನೇರ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಯಕೃತ್ತಿಗೆ. ಯಕೃತ್ತು ಒಂದಷ್ಟನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಆಮೇಲೆ ಹೃದಯದ ಬಲಭಾಗ, ಶ್ವಾಸಕೋಶ, ಮತ್ತೆ ಹೃದಯ, ಈ ಸಲ ಎಡಭಾಗ, ಅಲ್ಲಿಂದ ಕಾಲು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. "ಬಂಗಡೆಯ ಎಣ್ಣೆ?" ಎಂದು ಮುಂದಿನವರನ್ನು ಕೇಳುತ್ತಿದ್ದರು. ಅದರ ದಾರಿಯೇ ಬೇರೆ. ಕೊಬ್ಬಿನ ಹೆಚ್ಚಿನ ಪಾಲು ಕರುಳಿನ ರಕ್ತನಾಳಕ್ಕೆ ಹೋಗದೆ, ದುಗ್ಧರಸ ಎಂಬ ಬೇರೆ ದ್ರವ ಹರಿಯುವ ದುಗ್ಧನಾಳಕ್ಕೆ ಸೇರಿ, ಎದೆಯೊಳಗೆ ಮೇಲೆ ಸಾಗಿ, ಕತ್ತಿನ ಬುಡದಲ್ಲಿ ದೊಡ್ಡ ಅಭಿಧಮನಿಗೆ, ಅಂದರೆ ಹೃದಯಕ್ಕೆ ರಕ್ತ ವಾಪಸ್ ತರುವ ನಾಳಕ್ಕೆ ಬಂದು ಬೀಳುತ್ತದೆ. ಒಂದೇ ತಟ್ಟೆಯಲ್ಲಿ ಕಲಸಿ ತಿಂದ ಅನ್ನಕ್ಕೂ ಸಾರಿಗೂ ಎರಡು ದಾರಿ! ನನಗೆ ಇದು ಇವತ್ತಿಗೂ ಆಶ್ಚರ್ಯ.

ಆಮ್ಲಜನಕ ಎಲ್ಲಿ ಹತ್ತುತ್ತದೆ ಎಂದು ತೋರಿಸಲು ಅವರು ಮಾರ್ಕೆಟ್ಟಿನಿಂದ ಬಂಗಡೆಯನ್ನೇ ತಂದಿದ್ದರು. ಮೀನು ತಾಜಾ ಇದೆಯಾ ಎಂದು ನಮ್ಮ ಅಮ್ಮಂದಿರು ಕಿವಿರು ಎತ್ತಿ ನೋಡುತ್ತಾರಲ್ಲ, ಹಾಗೇ ಎತ್ತಿದರು. ಒಳಗೆ ಕಡುಕೆಂಪು, ಸಾಲು ಸಾಲು ಎಳೆಗಳು. ಅದು ಅಷ್ಟು ಕೆಂಪಗಿರುವುದು ತೀರಾ ತೆಳುವಾದ ಚರ್ಮದ ಹಿಂದೆಯೇ ರಕ್ತ ಇರುವುದರಿಂದ. ನೀರಿಗೂ ರಕ್ತಕ್ಕೂ ನಡುವೆ ಏನೂ ಇಲ್ಲ ಅನ್ನುವಷ್ಟು ಕಡಿಮೆ ಅಂತರ. ನಮ್ಮ ಶ್ವಾಸಕೋಶದಲ್ಲೂ ಹೀಗೇ, ಅಲ್ಲಿ ನೀರಿನ ಬದಲು ಗಾಳಿ. ಕಿವಿರಿನ ಹಿಂದೆ ಗಂಟಲ ಕೆಳಗೆ ಪುಟ್ಟ ಹೃದಯ ಸಿಕ್ಕಿತು. ರಕ್ತ ತುಂಬಿಕೊಳ್ಳಲು ಒಂದು ಕೋಣೆ, ತಳ್ಳಲು ಒಂದು ಕೋಣೆ. ನಮ್ಮದು ನಾಲ್ಕು. ಮೀನಿನಲ್ಲಿ ರಕ್ತ ಹೃದಯದಿಂದ ಕಿವಿರಿಗೆ, ಕಿವಿರಿನಿಂದ ಮೈಗೆ ಒಂದೇ ಸುತ್ತಿನಲ್ಲಿ ಹೋಗುತ್ತದೆ. ನಮ್ಮಲ್ಲಿ ಶ್ವಾಸಕೋಶದಿಂದ ವಾಪಸ್ ಹೃದಯಕ್ಕೆ ಬಂದು ಇನ್ನೊಮ್ಮೆ ಜೋರಾಗಿ ತಳ್ಳಿಸಿಕೊಂಡು ಹೊರಡುತ್ತದೆ.

ಇನ್ನೊಂದು ಪಾಠ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಕ್ಲಾಸಿನಲ್ಲಿ ರಂಪಣಿ ಬಲೆ ಎಳೆಯಲು ಹೋಗುತ್ತಿದ್ದ ಹುಡುಗನೊಬ್ಬನಿದ್ದ, ಗಟ್ಟಿ ತೋಳು. ಮೇಡಂ ಅವನ ಮೊಣಕೈ ಮೇಲೆ ಬಟ್ಟೆ ಕಟ್ಟಿದರು. ಸ್ವಲ್ಪ ಹೊತ್ತಿಗೆ ಮುಂಗೈಯ ಅಭಿಧಮನಿಗಳು ಉಬ್ಬಿದವು, ಅಲ್ಲಲ್ಲಿ ಸಣ್ಣ ಗಂಟು ಕಂಡಿತು. ಆ ಗಂಟು ಕವಾಟ ಇರುವ ಜಾಗ, ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುವ ಬಾಗಿಲು. ಒಂದು ಬೆರಳಿನಿಂದ ಕೆಳಗೆ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈ ಕಡೆ ಮುಂದಿನ ಗಂಟು ದಾಟುವ ತನಕ ಸವರಿದರು. ಸವರಿದ ಬೆರಳು ತೆಗೆದರೂ ರಕ್ತ ಹಿಂದೆ ಬರಲಿಲ್ಲ, ಆ ತುಂಡು ಚಪ್ಪಟೆಯಾಗಿ ಖಾಲಿಯೇ ಇತ್ತು. ಕೆಳಗೆ ಒತ್ತಿದ್ದ ಬೆರಳನ್ನು ಬಿಟ್ಟ ಕೂಡಲೇ ಅಂಗೈ ಕಡೆಯಿಂದ ತುಂಬಿಕೊಂಡಿತು. ನಾವೆಲ್ಲ ಬೆಂಚಿನ ಮೇಲೆ ಹತ್ತಿ ನೋಡಿದೆವು.

ಇದನ್ನು ವಿಲಿಯಂ ಹಾರ್ವೆ ಎಂಬ ವೈದ್ಯ 1628ರಲ್ಲೇ ಪುಸ್ತಕದಲ್ಲಿ ಚಿತ್ರ ಸಮೇತ ತೋರಿಸಿದ್ದ ಎಂದು ಆಮೇಲೆ ಹೇಳಿದರು. ಅದಕ್ಕೂ ಮೊದಲು ಯಕೃತ್ತು ಊಟದಿಂದ ರಕ್ತ ತಯಾರಿಸುತ್ತದೆ, ಮೈ ಅದನ್ನು ಬಳಸಿ ಮುಗಿಸುತ್ತದೆ ಎಂದೇ ನೂರಾರು ವರ್ಷ ನಂಬಿದ್ದರು. ಹಾರ್ವೆ ಸುಮ್ನೆ ಲೆಕ್ಕ ಹಾಕಿದ. ನಮ್ಮಿಂದಲೂ ಹಾಕಿಸಿದರು, ಈಗಿನ ಅಂಕಿ ಕೊಟ್ಟು. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 70 ಬಡಿತ, ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್, ಗಂಟೆಗೆ 300. ಮೈಯಲ್ಲಿ ಇರುವ ರಕ್ತವೇ 5 ಲೀಟರ್. ಗಂಟೆಗೆ 300 ಲೀಟರ್ ಹೊಸ ರಕ್ತ ಆಗುವಷ್ಟು ಯಾರು ಉಣ್ಣುತ್ತಾರೆ? ಅದೇ ರಕ್ತ ಸುತ್ತುತ್ತಿರಲೇಬೇಕು. ಆದರೆ ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಿಂದ ಅಭಿಧಮನಿಗೆ ಅದು ಹೇಗೆ ದಾಟುತ್ತದೆ ಎಂದು ಹಾರ್ವೆಗೆ ಕಾಣಲಿಲ್ಲ. ಅವನು 1657ರಲ್ಲಿ ತೀರಿಕೊಂಡ. 1661ರಲ್ಲಿ ಇಟಲಿಯ ವೈದ್ಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಲೋಮನಾಳಗಳನ್ನು ಕಂಡ. ಮೇಡಂ ಈ ಇಸವಿಗಳನ್ನು ಹೇಳುವಾಗ ಅವರಿಗೇ ಬೇಜಾರಾಗುತ್ತಿತ್ತು, ಇನ್ನು ನಾಲ್ಕು ವರ್ಷ ಬದುಕಬೇಕಿತ್ತು ಎಂದು.

ಹೃದಯ ತಳ್ಳುತ್ತದೆ ಅಷ್ಟೇ, ಕೊಡು-ಕೊಳ್ಳುವುದೆಲ್ಲ ಲೋಮನಾಳದಲ್ಲಿ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಅದರ ಬೆಲೆ ನನಗೆ ಜಾಸ್ತಿ ಗೊತ್ತಾದದ್ದು ಡಯಾಲಿಸಿಸ್ ಟೆಕ್ನೀಷಿಯನ್ ಆದ ಮೇಲೆ. ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಹೋಗುವುದು ಎರಡು ಪುಟ್ಟ ಮೂತ್ರಪಿಂಡಗಳಿಗೆ. ಅವು ಕೈಕೊಟ್ಟರೆ ಯೂರಿಯಾ ಎಂಬ ಮೈಯ ಕಸ ರಕ್ತಕ್ಕೆ ಹತ್ತುತ್ತಲೇ ಇರುತ್ತದೆ, ಇಳಿಯಲು ಜಾಗ ಇಲ್ಲ. ನಮ್ಮ ಮಷಿನ್ ಆ ಜಾಗ ಮಾಡಿಕೊಡುತ್ತದೆ. ಸಾವಿರಾರು ಸಪೂರ ನಳಿಕೆಗಳ ಒಳಗೆ ರಕ್ತ, ಹೊರಗೆ ದ್ರಾವಣ. ನಳಿಕೆಯ ಗೋಡೆಯ ಸಣ್ಣ ರಂಧ್ರದಲ್ಲಿ ಯೂರಿಯಾ ಆಚೆ ಹೋಗುತ್ತದೆ, ಕೆಂಪು ರಕ್ತಕಣ ದೊಡ್ಡದು, ಒಳಗೇ ಉಳಿಯುತ್ತದೆ. ಸೂಜಿ ಚುಚ್ಚಲು ತೋಳಿನಲ್ಲಿ ಅಪಧಮನಿಯನ್ನು ಅಭಿಧಮನಿಗೆ ಸೇರಿಸಿ ಹೊಲಿದಿರುತ್ತಾರೆ. ಆ ಒತ್ತಡಕ್ಕೆ ಕೆಲವು ವಾರಗಳಲ್ಲಿ ಅಭಿಧಮನಿ ಅಗಲವಾಗಿ, ದಪ್ಪಗಾಗುತ್ತದೆ. ಮೇಲೆ ಬೆರಳಿಟ್ಟರೆ ರಕ್ತ ಜುಂ ಎಂದು ಓಡುವುದು ತಿಳಿಯುತ್ತದೆ. ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ನೋಡಿಕೊಳ್ಳಿ, ಜುಂ ನಿಂತರೆ ಕೂಡಲೇ ಬನ್ನಿ ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇನೆ.

ನಮ್ಮ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡಾಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಊರಿನವರು ಯಾರಾದರೂ ಸಿಕ್ಕರೆ ನಾನೇ ಹೋಗಿ ಮಾತಾಡಿಸುತ್ತೇನೆ. ಅವರನ್ನು ನೋಡಲು ಬರುವ ನೆಂಟರು ಪ್ರೀತಿಯಿಂದ ತರುವುದು ಎಳನೀರು. ಬೇಡ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ, ಎಳನೀರು ತಂಪಲ್ವಾ ಅನ್ನುತ್ತಾರೆ. ಆಗ ಮೇಡಂ ಪ್ರಶ್ನೆಯನ್ನೇ ಕೇಳುತ್ತೇನೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕರುಳಲ್ಲಿ ಅದು ರಕ್ತಕ್ಕೆ ಹತ್ತಿತು, ಮೂತ್ರಪಿಂಡ ಕೆಲಸ ಮಾಡದಿದ್ದರೆ ಎಲ್ಲಿ ಇಳಿಯಬೇಕು? ಇಳಿಯದೆ ರಕ್ತದಲ್ಲೇ ಸುತ್ತಿ ಹೃದಯಕ್ಕೆ ಬಂದರೆ ಬಡಿತದ ಲಯ ತಪ್ಪಬಹುದು, ಹೃದಯ ನಿಂತೇ ಹೋಗಬಹುದು. ಇಷ್ಟು ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಮುಂದಿನ ಸಲ ಬರುವಾಗ ಏನು ತರಬಹುದು ಎಂದು ಅವರೇ ಕೇಳುತ್ತಾರೆ.